ಮಗಳ ‘ಎಂ.ಡಿ.’ ಮತ್ತು ಹೈದರಾಬಾದಿನ ರಹಮಾನರು

ಪುಣೆಯಲ್ಲಿ ಭೌತಶಾಸ್ತ್ರ ಓದುವ ಮಗಳು ಒಂದು ರವಿವಾರ ದೌಂಡಿಗೆ ಬಂದವಳೇ, “ಅವ್ವಾ, ನಾ ಈಗ ಎಂ.ಡಿ. ಮಾಡ್ಲಿಕತ್ತೀನಿ” ಅಂದಳು. ಇವಳು ಡಾಕ್ಟರಿಕೆ ಯಾವಾಗ ಹಿಡಿದಳೆಂದು ನಾನು ಗಾಬರಿಯಾದೆ. “ಅದಲ್ಲವ್ವಾ, ಮಾಲಿಕ್ಯುಲರ್ ಡೈನಾಮಿಕ್ಸ್. ಅಣುಗಳ ಓಡಾಟ ಕಂಪ್ಯೂಟರಿನ್ಯಾಗ ನೋಡೋದು” ಎಂದು ನಕ್ಕಳು. ಪ್ರಯೋಗಶಾಲೆಯಿಲ್ಲದೆ ಇದೆಂಥ ಭೌತಶಾಸ್ತ್ರ ಎಂದು ಕೇಳಿದಾಗ ಅವಳು ಹೇಳಿದ ಹೆಸರು ಅನೀಸುರ್ ರಹಮಾನ್.

ರಹಮಾನರು 1927ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದವರು. ಕೇಂಬ್ರಿಜ್‌ನಲ್ಲಿ ಓದಿ, ಬೆಲ್ಜಿಯಂನಲ್ಲಿ ಡಾಕ್ಟರೇಟ್ ಪಡೆದು, ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಕಲಿಸಿದರು. ಕಲಬುರಗಿಯವಳಾದ ನನಗೆ ಉಸ್ಮಾನಿಯಾ ಹೊರಗಿನದಲ್ಲ. ನಿಜಾಮರ ಕಾಲದಲ್ಲಿ ಕಲಬುರಗಿ, ಬೀದರ, ರಾಯಚೂರಿನ ಹುಡುಗರು ಹೆಚ್ಚಿನ ಓದಿಗೆ ಅಲ್ಲಿಗೆ ಹೋಗುತ್ತಿದ್ದರು. ಹೈದರಾಬಾದಿನಿಂದ ಮುಂಬಯಿಗೆ ಹೋಗುವ ರೈಲು ಇಂದಿಗೂ ಕಲಬುರಗಿ, ಸೊಲ್ಲಾಪುರ ದಾಟಿ ನಮ್ಮ ದೌಂಡಿನ ಮೇಲೆಯೇ ಹೋಗುತ್ತದೆ.

ದೌಂಡ ಜಂಕ್ಷನ್ನಿನ ಗದ್ದಲದಲ್ಲಿ ಯಾರು ಎಲ್ಲಿಗೆ ಹೊರಟಿದ್ದಾರೆಂದು ಹೇಳಲಾಗದು. ಆದರೆ ಗಾಡಿ ಬಂದಾಗ ಜನ ಯಾವ ಕಡೆ ನುಗ್ಗುತ್ತಾರೆಂದು ಹೇಳಬಹುದು. ಹೀಗೆ ಒಂದೊಂದು ಅಣುವನ್ನು ಬಿಟ್ಟು ಗುಂಪಿನ ಸರಾಸರಿಯಿಂದ ಉಷ್ಣತೆ, ಒತ್ತಡಗಳನ್ನು ತಿಳಿಯುವುದೇ ಸಂಖ್ಯಾಶಾಸ್ತ್ರೀಯ ಭೌತಶಾಸ್ತ್ರ. ರಹಮಾನರು ಇದಕ್ಕೆ ಇನ್ನೊಂದು ದಾರಿ ಹಿಡಿದರು: ಪ್ರತಿಯೊಬ್ಬ ಪ್ರಯಾಣಿಕನ ಬೆನ್ನುಹತ್ತಿ, ಆಮೇಲೆ ಸರಾಸರಿ ತೆಗೆಯುವುದು.

ಅವರು 1960ರಲ್ಲಿ ಅಮೆರಿಕದ ಶಿಕಾಗೋ ಬಳಿಯ ಆರ್ಗೊನ್ ರಾಷ್ಟ್ರೀಯ ಪ್ರಯೋಗಾಲಯ ಸೇರಿದರು. ಅಲ್ಲಿ ದ್ರವರೂಪದ ಆರ್ಗಾನ್ ಅನಿಲದ 864 ಪರಮಾಣುಗಳನ್ನು ಸಿ.ಡಿ.ಸಿ. 3600 ಎಂಬ ಕಂಪ್ಯೂಟರಿನಲ್ಲಿ ‘ಇಟ್ಟು’, ಒಂದನ್ನೊಂದು ಎಷ್ಟು ಸೆಳೆಯುತ್ತದೆ, ಎಷ್ಟು ತಳ್ಳುತ್ತದೆ ಎಂದು ಲೆಕ್ಕ ಹಾಕಿದರು. 864 ಪರಮಾಣುಗಳೆಂದರೆ 3,72,816 ಜೋಡಿ! ದೂರದ ಜೋಡಿಗಳನ್ನು ಬಿಟ್ಟರೂ ಲೆಕ್ಕ ದೊಡ್ಡದೇ. ಒಂದು ಸೆಕೆಂಡಿನ ನೂರು ಲಕ್ಷ ಕೋಟಿಯಲ್ಲಿ ಒಂದು ಭಾಗದಷ್ಟು ಕಾಲ ಮುಂದೆ ಸರಿಸುವುದು, ಮತ್ತೆ ಲೆಕ್ಕ ಹಾಕುವುದು. 1964ರಲ್ಲಿ ಪ್ರಕಟವಾದ ಈ ಲೆಕ್ಕ ಪ್ರಯೋಗಶಾಲೆಯ ಅಳತೆಗಳಿಗೆ ಬಹುಮಟ್ಟಿಗೆ ಹೊಂದಿತು. 1971ರಲ್ಲಿ ಸ್ಟಿಲ್ಲಿಂಜರ್ ಅವರೊಡನೆ 216 ಅಣುಗಳ ನೀರನ್ನೂ ಹೀಗೆಯೇ ನೋಡಿದರು. ರಹಮಾನರು 1987ರಲ್ಲಿ ತೀರಿಕೊಂಡರು. ಗಣಕ ಭೌತಶಾಸ್ತ್ರಕ್ಕೆ ಅಮೆರಿಕನ್ ಫಿಸಿಕಲ್ ಸೊಸೈಟಿ ಕೊಡುವ ಬಹುಮಾನ ಇಂದು ಅವರ ಹೆಸರಿನಲ್ಲಿದೆ.

ಮಗಳು ಇನ್ನೊಂದು ಹೆಸರನ್ನೂ ಹೇಳಿದಳು. ಅದೇ 1927ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಅರಿಯಾನಾ ರೋಸೆನ್‌ಬ್ಲೂತ್. ಹಾರ್ವರ್ಡ್‌ನಲ್ಲಿ 1949ರಲ್ಲೇ ಡಾಕ್ಟರೇಟ್ ಪಡೆದಾಕೆ. ಅಣುಗಳನ್ನು ಪಗಡೆಯ ದಾಳದಂತೆ ಯಾದೃಚ್ಛಿಕವಾಗಿ ಸರಿಸಿ ನೋಡುವ ಮಾಂಟೆ ಕಾರ್ಲೋ ವಿಧಾನದ 1953ರ ಪ್ರಸಿದ್ಧ ಲೇಖನಕ್ಕೆ ಐವರು ಲೇಖಕರು. ಅದರ ಕಂಪ್ಯೂಟರ್ ಪ್ರೋಗ್ರಾಂ ಬರೆದವರು ಅರಿಯಾನಾ. ವಿಧಾನಕ್ಕೆ ಹೆಸರು ಬಂದದ್ದು ಮೊದಲ ಲೇಖಕರಾದ ಮೆಟ್ರೊಪೊಲಿಸ್ ಅವರದು. ಅರಿಯಾನಾ ಮಕ್ಕಳನ್ನು ಬೆಳೆಸಲು ಸಂಶೋಧನೆ ಬಿಟ್ಟರು, 2020ರಲ್ಲಿ ತೀರಿಕೊಂಡರು.

ಇದನ್ನು ಕೇಳಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನನ್ನ ಎಂ.ಎಸ್ಸಿ. ಕೂಡ ಮದುವೆಯಾಗಿ ದೌಂಡಿನ ರೈಲ್ವೆ ಕ್ವಾರ್ಟರ್ಸಿಗೆ ಬಂದಾಗ ಅರ್ಧಕ್ಕೆ ನಿಂತಿತ್ತು. ಅದರ ಬಗ್ಗೆ ಈಗ ದುಃಖವಿಲ್ಲ. ಆದರೆ ಸಂಜೆಯ ಗಾಡಿಗೆ ಮಗಳನ್ನು ಹತ್ತಿಸುವಾಗ ಒಂದು ಮಾತು ಹೇಳಿದೆ: “ಪ್ರೋಗ್ರಾಂ ನೀ ಬರದ್ರ, ಅದರ ಮ್ಯಾಲೆ ನಿನ್ನ ಹೆಸರೂ ಬರಿ, ಮಗಳ.”