ಬಿ. ಜಯಮ್ಮ: ಗುಬ್ಬಿ ಕಂಪನಿಯ ಗಾಯಕಿ-ನಟಿಯೂ ಮಲೆನಾಡಿನ ರಂಗದಾರಿಯೂ

ಎಡೇಹಳ್ಳಿಗೆ ಮೈಸೂರಿನ ಯುವರಾಜರ ಗೌರವಾರ್ಥ ನರಸಿಂಹರಾಜಪುರ ಎಂಬ ಹೆಸರು ಬಂದದ್ದು 1915ರಲ್ಲಿ. ಅದೇ ವರ್ಷದ ನವೆಂಬರ್ 26ರಂದು ಚಿಕ್ಕಮಗಳೂರಿನಲ್ಲಿ ಬಿ. ಜಯಮ್ಮ ಹುಟ್ಟಿದರು. ಆಗ ಜಿಲ್ಲೆಯನ್ನು ಕಡೂರು ಜಿಲ್ಲೆ ಎಂದು ಕರೆಯುತ್ತಿದ್ದರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳು ಅದರ ಪಡುವಣ ಮಲೆನಾಡು. ಜಯಮ್ಮನವರನ್ನು ನಮ್ಮ ಚರಿತ್ರೆಗಳು ಗುಬ್ಬಿ ವೀರಣ್ಣನವರ ಪತ್ನಿ ಎಂದೋ ಕನ್ನಡ ಚಿತ್ರರಂಗದ ಮೊದಲ ನಾಯಕಿಯರಲ್ಲಿ ಒಬ್ಬರು ಎಂದೋ ಗುರುತಿಸುತ್ತವೆ. ಎರಡೂ ನಿಜವೇ. ಆದರೆ ಅವರು ಮೊದಲಿಗೆ ಹಾಡುವ ನಟಿ. ಆ ಕಸುಬಿನಿಂದಲೇ ಅವರ ಬದುಕನ್ನು ಓದಬೇಕೆಂಬುದು ಈ ಲೇಖನದ ವಾದ.

ಮಲೆನಾಡಿನ ಪ್ರೇಕ್ಷಕರಿಗೆ ರಂಗವೆಂದರೆ ಯಕ್ಷಗಾನ. ಅಲ್ಲಿ ಹಾಡು ಭಾಗವತರದು, ಕುಣಿತ ಮತ್ತು ಮಾತು ವೇಷಧಾರಿಯದು. ಸ್ತ್ರೀವೇಷ ಕಟ್ಟುವವರು ಗಂಡಸರು. ಕಂಪನಿ ನಾಟಕದಲ್ಲಿ ಈ ಹಂಚಿಕೆಯೇ ಇಲ್ಲ. ಪಾತ್ರ ವಹಿಸಿದವರೇ ಹಾಡಬೇಕು, ಹಾಡುತ್ತಲೇ ಅಭಿನಯಿಸಬೇಕು, ಕಡೆಯ ಸಾಲಿನವರಿಗೂ ಸಾಹಿತ್ಯ ಸ್ಪಷ್ಟವಾಗಿ ಕೇಳಿಸಬೇಕು. ಮೈಕಿಲ್ಲದ ಆ ಕಾಲದಲ್ಲಿ ಹಾರ್ಮೋನಿಯಂ, ತಬಲಗಳನ್ನು ಮೀರಿ ದನಿ ಏಳಬೇಕು. ಜನ ‘ಒನ್ಸ್ ಮೋರ್’ ಎಂದರೆ ಕಥೆಯನ್ನು ಅಲ್ಲೇ ನಿಲ್ಲಿಸಿ ಅದೇ ಹಾಡನ್ನು ಅದೇ ಕಸುವಿನಿಂದ ಮತ್ತೆ ಹಾಡಬೇಕು.

1884ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಗೆ ಜಯಮ್ಮ ಬಂದದ್ದು ಎಳವೆಯಲ್ಲಿ. ಹಳೇ ಮೈಸೂರಿನ ಕಂಪನಿಗಳಲ್ಲಿ ಸ್ತ್ರೀಪಾತ್ರಕ್ಕೆ ಸ್ತ್ರೀಯರನ್ನೇ ತಂದವರಲ್ಲಿ ಗುಬ್ಬಿ ಕಂಪನಿಯ ಒಡೆಯ ವೀರಣ್ಣ ಮುಂಚೂಣಿಯವರು. ಈ ಬದಲಾವಣೆಯನ್ನು ನಾವು ಸಾಮಾನ್ಯವಾಗಿ ಸಮಾಜ ಸುಧಾರಣೆಯ ಮಾತಾಗಿ ಮಾತ್ರ ಹೇಳುತ್ತೇವೆ. ನನಗೆ ಅದರ ಸಂಗೀತದ ಮುಖವೂ ಅಷ್ಟೇ ಮುಖ್ಯವಾಗಿ ಕಾಣುತ್ತದೆ. ಗಂಡಸು ಹೆಣ್ಣಾಗಿ ಹಾಡುವಾಗ ಪ್ರೇಕ್ಷಕ ಮೆಚ್ಚುವುದು ವೇಷದ ಕೌಶಲವನ್ನು. ಹೆಣ್ಣೇ ಹಾಡಿದಾಗ ಶ್ರುತಿಯೂ ಬೇರೆ, ಪಾತ್ರದ ಅಳಲು ತಟ್ಟುವ ಬಗೆಯೂ ಬೇರೆ. ಆ ಹೊಸ ದನಿಗೆ ಕನ್ನಡದ ಕಿವಿಯನ್ನು ಒಗ್ಗಿಸಿದವರಲ್ಲಿ ಜಯಮ್ಮ ಒಬ್ಬರು.

ಹುಟ್ಟೂರಿಗೂ ಈ ರಂಗಕ್ಕೂ ನಡುವೆ ಒಂದು ಭೌಗೋಳಿಕ ತೊಡಕಿತ್ತು. ಪರದೆ, ಸೀನರಿ, ದೀಪ, ಅಡುಗೆಯ ಪಾತ್ರೆ, ಸಂಸಾರಗಳ ಸಮೇತ ದೊಡ್ಡ ಕಂಪನಿಗಳು ಮೊಕ್ಕಾಂ ಬದಲಿಸುತ್ತಿದ್ದುದು ಹೆಚ್ಚಾಗಿ ರೈಲು ಹಿಡಿದು. 1934ರ ‘ಕುರುಕ್ಷೇತ್ರ’ಕ್ಕೆ ವೀರಣ್ಣ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿದ್ದರು. ಇಂಥ ಕಂಪನಿಗೆ ರೈಲಿದ್ದ ಕಡೂರು ಸುಲಭದ ದಾರಿ. ಶೃಂಗೇರಿಗೂ ಕೊಪ್ಪಕ್ಕೂ ಇಂದಿಗೂ ರೈಲಿಲ್ಲ. ಚಿಕ್ಕಮಗಳೂರಿಗೆ ರೈಲು ಬಂದದ್ದೇ 2013ರಲ್ಲಿ, ಜಯಮ್ಮ ತೀರಿಕೊಂಡು ಕಾಲು ಶತಮಾನವಾಗುವ ಹೊತ್ತಿಗೆ. ಮಳೆಗಾಲದಲ್ಲಂತೂ ಮಲೆನಾಡಿನಲ್ಲಿ ಟೆಂಟು ನಿಲ್ಲದು. ಘಟ್ಟದ ಈ ತಾಲ್ಲೂಕುಗಳಲ್ಲಿ ಯಕ್ಷಗಾನದ ಮೇಲುಗೈ ಉಳಿದದ್ದಕ್ಕೆ ರುಚಿಯೊಂದೇ ಕಾರಣವಲ್ಲ, ದಾರಿಯೂ ಕಾರಣ ಎಂದು ನಾನು ನಂಬುತ್ತೇನೆ.

ರಂಗದ ಹಾಡು ಆ ರಾತ್ರಿಗೇ ಮುಗಿಯುತ್ತದೆ. ಆದ್ದರಿಂದ ಜಯಮ್ಮನವರ ಅಭಿನಯದ ಸಾಕ್ಷ್ಯವನ್ನು ಸಿನಿಮಾದಲ್ಲೇ ಹುಡುಕಬೇಕಾಗಿದೆ. ಮೂಕಿ ಚಿತ್ರದಿಂದ ತೆರೆಗೆ ಬಂದ ಅವರು ‘ಸುಭದ್ರಾ’ (1941), ‘ಜೀವನ ನಾಟಕ’ (1942), ‘ಹೇಮರೆಡ್ಡಿ ಮಲ್ಲಮ್ಮ’ (1946) ಚಿತ್ರಗಳಲ್ಲಿ ನಟಿಸಿದರು. ದನಿಯಿಲ್ಲದ ಚಿತ್ರ ಅವರ ದೊಡ್ಡ ಶಕ್ತಿಯನ್ನೇ ಹೊರಗಿಟ್ಟಿತ್ತು; ಟಾಕಿ ಅದನ್ನು ಮರಳಿ ಕೊಟ್ಟಿತು.

ನನ್ನನ್ನು ಹೆಚ್ಚು ಕಾಡುವುದು ಮಾತ್ರ ತೆಲುಗಿನ ‘ಸ್ವರ್ಗಸೀಮ’ (1945). ಬಿ.ಎನ್. ರೆಡ್ಡಿ ನಿರ್ದೇಶಿಸಿದ ಈ ಚಿತ್ರದಲ್ಲಿ ನಾಟಕಕಾರನೊಬ್ಬ (ನಟ ನಾಗಯ್ಯ) ಬೀದಿಯಲ್ಲಿ ಹಾಡಿ ಕುಣಿಯುವ ಹುಡುಗಿಯನ್ನು ರಂಗತಾರೆಯಾಗಿಸಿ ಅವಳ ಮೋಹಕ್ಕೆ ಬೀಳುತ್ತಾನೆ. ಆ ತಾರೆಯ ಪಾತ್ರ ಭಾನುಮತಿಯವರದು. ಬಾಲ್ಯದಿಂದ ರಂಗದಲ್ಲೇ ಬೆಳೆದ ಜಯಮ್ಮನವರಿಗೆ ಸಿಕ್ಕಿದ್ದು ಮನೆಯಲ್ಲಿ ಕಾಯುವ ಹೆಂಡತಿ ಕಲ್ಯಾಣಿಯ ಪಾತ್ರ. ಕಡೆಗೆ ಗಂಡ ಅವಳ ಬಳಿಗೇ ಮರಳುತ್ತಾನೆ. ರಂಗದ ಹೆಣ್ಣು ಒಂದು ಕಡೆ, ಸಂಸಾರದ ಹೆಣ್ಣು ಇನ್ನೊಂದು ಕಡೆ ಎಂದು ಕಥೆ ಗೆರೆ ಎಳೆಯುತ್ತದೆ. ಗುಬ್ಬಿ ಕಂಪನಿಯಲ್ಲಿ ಸಂಸಾರವೂ ರಂಗವೂ ಒಂದೇ ಬಿಡಾರದಲ್ಲಿದ್ದವು. ಆ ಗೆರೆಯ ಎರಡೂ ಬದಿಯಲ್ಲಿ ಬಾಳಿದ ಜಯಮ್ಮ ತೆರೆಯ ಮೇಲೆ ಅದರ ಒಂದೇ ಬದಿಯಲ್ಲಿ ನಿಲ್ಲಬೇಕಾಯಿತು. 1988ರ ಡಿಸೆಂಬರ್ 20ರಂದು ಅವರು ನಿಧನರಾದ ಮೇಲೆ ಉಳಿದ ಜನಪ್ರಿಯ ಚಿತ್ರವೂ ಸಾಧ್ವಿ ಮಲ್ಲಮ್ಮನದೇ. ಆ ಮಲ್ಲಮ್ಮನ ಹಾಡುಗಳನ್ನು ಭಕ್ತಿಯ ಹಾಡುಗಳೆಂದಷ್ಟೇ ಕೇಳದೆ, ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೆ, ಸಾಲನ್ನು ಎಲ್ಲಿ ಮುರಿದು ಮುಖಭಾವಕ್ಕೆ ಎಡೆ ಕೊಡುತ್ತಾರೆ ಎಂದು ಗಮನಿಸಿ ಕೇಳುವ ಕೆಲಸವನ್ನು ರಂಗಸಂಗೀತ ಬಲ್ಲವರು ಕೈಗೆತ್ತಿಕೊಳ್ಳಬೇಕು.