ದಂಡು ಪ್ರದೇಶದಲ್ಲಿ ದಂಡ ಹಾಕೋರು ಯಾರು? ಒಂದು ಪಾರ್ಕಿಂಗ್ ಚೀಟಿಯ ಇತಿಹಾಸ

1/8
ನಮ್ಮ ಕ್ಲಾಸಿನವನೊಬ್ಬ ಕಳೆದ ತಿಂಗಳು ಕೆ.ಆರ್. ಪುರಂ ಕಡೆಯ ಒಂದು ಮಾಲಿಗೆ ಹೋಗಿದ್ದ. ಎರಡು ಗಂಟೆ ಬೈಕ್ ನಿಲ್ಲಿಸಿದ್ದಕ್ಕೆ 40 ರೂಪಾಯಿ ಆಗಬೇಕಿತ್ತು. ಚೀಟಿ ಕಳೆದುಹೋಯ್ತು. ಗೇಟಿನಲ್ಲಿ 300 ಕೇಳಿದರು. ಹಿಂದೆ ಸಾಲಾಗಿ ಗಾಡಿಗಳು ಹಾರ್ನ್ ಹೊಡೀತಿದ್ವು, ಕೊಟ್ಟು ಬಂದ. ಅವನ ವಾರದ ಪೆಟ್ರೋಲ್ ದುಡ್ಡು ಅದು. ರಸೀದಿ ಮೇಲೆ ಏನಂತ ಬರೆದಿತ್ತು ಗೊತ್ತಾ? 'ದಂಡ'.
ಈ ಸಲದ ಸರಣಿ ಆ ಒಂದು ಪದದ ಬಗ್ಗೆ. ಕೊನೇವರೆಗೂ ಓದಿ, ನಿಮಗೂ ಬೇಕಾಗುತ್ತೆ.

2/8
ಶಿವಾಜಿನಗರ, ಹಲಸೂರು ಕಡೆಯನ್ನ ನಮ್ಮಜ್ಜಿ ಕಾಲದವರು ಈಗಲೂ 'ದಂಡು' ಅಂತಾರೆ. ದಂಡು ಅಂದ್ರೆ ಸೈನ್ಯ. 1809ರಲ್ಲಿ ಬ್ರಿಟಿಷ್ ಸೈನ್ಯ ಬಂದು ಇಲ್ಲಿ ನೆಲೆಯೂರಿತು. ಆ ಕಡೆ ಪೇಟೆ ಮೈಸೂರು ಮಹಾರಾಜರದ್ದು, ಈ ಕಡೆ ದಂಡು ಬ್ರಿಟಿಷ್ ರೆಸಿಡೆಂಟರ ಆಡಳಿತಕ್ಕೆ ಸೇರಿದ್ದು. 1947ರ ಜುಲೈ 26ಕ್ಕೆ ದಂಡು ಮೈಸೂರಿಗೆ ವಾಪಸ್ ಬಂತು. 1949ರಲ್ಲಿ ಎರಡೂ ಸೇರಿ ಒಂದೇ ನಗರಪಾಲಿಕೆ ಆಯ್ತು.
ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ಆಳೋರು ಬದಲಾದರೂ ಒಂದು ವಿಷಯ ಬದಲಾಗಲಿಲ್ಲ: ದಂಡ ಹಾಕೋದು ಸರ್ಕಾರದ ಕೆಲಸ. ಇವತ್ತು ಟ್ರಾಫಿಕ್ ಪೊಲೀಸರು ಹಾಕೋ ದಂಡದ ಹಿಂದೆ 1988ರ ಮೋಟಾರು ವಾಹನ ಕಾಯ್ದೆ ಇದೆ, ಒಪ್ಪದಿದ್ದರೆ ಹೋಗೋಕೆ ಕೋರ್ಟ್ ಇದೆ. ಮಾಲಿನ ಗೇಟಿನವರ ಹಿಂದೆ ಏನಿದೆ?

3/8
ಮೊದಲು ಗಾಡಿಗಳು ಗೇಟಿನ ಒಳಗೆ ಹೋಗಿದ್ದು ಹೇಗೆ ಅಂತ ನೋಡಿ. ಕಮರ್ಷಿಯಲ್ ಸ್ಟ್ರೀಟ್, 1927ರಲ್ಲಿ ಕಟ್ಟಿದ ರಸೆಲ್ ಮಾರ್ಕೆಟ್, ಇವೆಲ್ಲ ಮನೆಗೊಂದು ಗಾಡಿ ಇಲ್ಲದ ಕಾಲದವು. ಇಂದಿರಾನಗರ ಮನೆಗಳಿಗಾಗಿ ಮಾಡಿದ ಬಡಾವಣೆ. ನೂರಡಿ ರಸ್ತೆಯ ಮನೆಗಳು ಒಂದೊಂದಾಗಿ ಅಂಗಡಿ, ಹೋಟೆಲ್ ಆದವು. ರಸ್ತೆ ತುಂಬಿತು. 2005ರಲ್ಲಿ ಮೆಗ್ರಾತ್ ರಸ್ತೆಯಲ್ಲಿ ಪಾಲಿಕೆ ಜಾಗದಲ್ಲೇ ಗರುಡಾ ಮಾಲ್ ಬಂತು. ಆಮೇಲೆ ಪೂರ್ವದ ಕಡೆಗೆ ಮಾಲ್ ಮೇಲೆ ಮಾಲ್.
ಒಂದು ಮಾತು ನೆನಪಿಡಿ. ಇಷ್ಟು ಕಟ್ಟಡಕ್ಕೆ ಇಷ್ಟು ಪಾರ್ಕಿಂಗ್ ಬಿಡಲೇಬೇಕು ಅಂತ ನಗರ ಯೋಜನೆಯ ನಿಯಮ ಇದೆ. ಆ ಜಾಗ ಮಾಲಿನವರು ದಯೆ ತೋರಿಸಿ ಕೊಟ್ಟಿದ್ದಲ್ಲ. ಹಾಗಂತ ಶುಲ್ಕ ಕೇಳೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಪಕ್ಕದ ತೆಲಂಗಾಣದಲ್ಲಿ 2018ರಿಂದ ಮಾಲುಗಳಲ್ಲಿ ಮೊದಲ ಅರ್ಧ ಗಂಟೆ ಉಚಿತ ಅಂತ ಸರ್ಕಾರಿ ಆದೇಶವೇ ಇದೆ. ಶುಲ್ಕ ಬೇರೆ, 'ದಂಡ' ಬೇರೆ. ನನ್ನ ಜಗಳ ಎರಡನೆಯದರ ಜೊತೆ.

4/8
ಈಗ 1872ಕ್ಕೆ ಹೋಗೋಣ. ಆ ವರ್ಷ ಭಾರತೀಯ ಒಪ್ಪಂದ ಕಾಯ್ದೆ ಬಂತು. ಇವತ್ತಿಗೂ ಅದೇ ನಡೀತಿದೆ. ಗೇಟಿನಲ್ಲಿ ಚೀಟಿ ತಗೊಂಡಾಗ ನೀವು ಮಾಡೋದು ಒಂದು ಒಪ್ಪಂದ. ಒಪ್ಪಂದ ಮುರಿದರೆ ಇಷ್ಟು ಕೊಡಬೇಕು ಅಂತ ಮೊದಲೇ ಬರೆದಿದ್ರೆ ಏನಾಗುತ್ತೆ? 74ನೇ ಸೆಕ್ಷನ್ ಪ್ರಕಾರ ಸಿಗೋದು ನ್ಯಾಯವಾದ ಪರಿಹಾರ ಮಾತ್ರ, ಬರೆದ ಮೊತ್ತವನ್ನ ಅದು ಮೀರೋ ಹಾಗಿಲ್ಲ. ಅಂದ್ರೆ ಬೋರ್ಡಿನ ಮೇಲಿರೋ 300 ಒಂದು ಗರಿಷ್ಠ ಮಿತಿ ಅಷ್ಟೇ, ಅವರ ಹಕ್ಕಲ್ಲ.
ನಮ್ಮ ಹುಡುಗನ ಕೇಸಿನಲ್ಲಿ ಗೇಟಿನ ಕ್ಯಾಮೆರಾ ಅವನ ನಂಬರ್ ಪ್ಲೇಟನ್ನೂ ಸಮಯವನ್ನೂ ಹಿಡಿದಿತ್ತು. ಚೀಟಿ ಕಳೆದಿದ್ದಕ್ಕೆ ಅವರಿಗೆ ಆದ ನಷ್ಟ ಎಷ್ಟು? ಒಂದು ತುಂಡು ಕಾಗದ.

5/8
ಚೀಟಿ ಹಿಂದೆ ಇರುವೆ ಸಾಲಿನ ಹಾಗೆ ಸಣ್ಣಕ್ಷರ ಇರುತ್ತಲ್ಲ, ಅದಕ್ಕೂ ಒಂದು ಕತೆ ಇದೆ. 1964, ಲಂಡನ್. ಥಾರ್ನ್‌ಟನ್ ಅನ್ನೋ ಟ್ರಂಪೆಟ್ ವಾದಕ ಒಂದು ಹೊಸ ಆಟೊಮ್ಯಾಟಿಕ್ ಪಾರ್ಕಿಂಗಿಗೆ ಹೋದ. ಯಂತ್ರ ಚೀಟಿ ಕೊಟ್ಟಿತು. ಕಾರು ತಗೊಳ್ಳೋಕೆ ವಾಪಸ್ ಬಂದಾಗ ಅಪಘಾತವಾಗಿ ಗಾಯಗೊಂಡ. ಗಾಯವಾದರೆ ನಾವು ಜವಾಬ್ದಾರರಲ್ಲ ಅಂತ ಒಳಗೆ ಷರತ್ತು ಹಾಕಿದ್ದೀವಿ, ಚೀಟಿಯಲ್ಲೂ ಅದರ ಪ್ರಸ್ತಾಪ ಇದೆ ಅಂದ್ರು ಪಾರ್ಕಿಂಗಿನವರು. ನ್ಯಾಯಮೂರ್ತಿ ಲಾರ್ಡ್ ಡೆನಿಂಗ್ ಒಪ್ಪಲಿಲ್ಲ: ಯಂತ್ರದ ಜೊತೆ ಯಾರೂ ಚೌಕಾಸಿ ಮಾಡೋಕಾಗಲ್ಲ, ಒಪ್ಪಂದ ಆದ ಮೇಲೆ ತೋರಿಸಿದ ಷರತ್ತಿಗೆ ಬೆಲೆ ಇಲ್ಲ. ಥಾರ್ನ್‌ಟನ್ ಗೆದ್ದ.

6/8
ನಮ್ಮ ದೇಶದ್ದೂ ಒಂದು ಇದೆ. 1998ರ ಆಗಸ್ಟ್ 1ರ ರಾತ್ರಿ, ದೆಹಲಿಯ ತಾಜ್ ಮಹಲ್ ಹೋಟೆಲ್. ಒಬ್ಬರು ತಮ್ಮ ಮಾರುತಿ ಜೆನ್ ಕೀ ಕೊಟ್ಟು ಒಳಗೆ ಹೋದರು. ಹೊರಗೆ ಬರೋ ಹೊತ್ತಿಗೆ ಕಾರನ್ನ ಬೇರೆ ಯಾರೋ ಓಡಿಸಿಕೊಂಡು ಹೋಗಿದ್ರು. 'ಮಾಲೀಕರದೇ ಜವಾಬ್ದಾರಿ' ಅಂತ ಟೋಕನ್ ಮೇಲೆ ಬರೆದಿದೆ ಅಂತ ಹೋಟೆಲಿನ ವಾದ. ಕೇಸು ಗ್ರಾಹಕ ಆಯೋಗಗಳನ್ನ ದಾಟಿ ಸುಪ್ರೀಂ ಕೋರ್ಟಿಗೆ ಹೋಯ್ತು. 2019ರ ನವೆಂಬರ್ 14ಕ್ಕೆ ತೀರ್ಪು: ಕೀ ಪಡೆದ ಮೇಲೆ ಸ್ವಂತ ನಿರ್ಲಕ್ಷ್ಯಕ್ಕೆ ಬೋರ್ಡು ಅಡ್ಡ ಇಟ್ಟು ತಪ್ಪಿಸಿಕೊಳ್ಳೋ ಹಾಗಿಲ್ಲ.
ತೀರ್ಪು ಕೊಟ್ಟ ಪೀಠದಲ್ಲಿದ್ದವರು ನಮ್ಮ ಹಾವೇರಿ ಜಿಲ್ಲೆಯ ನ್ಯಾಯಮೂರ್ತಿ ಮೋಹನ ಶಾಂತನಗೌಡರ್. ಇದು ಕೀ ಕೊಟ್ಟ ಪ್ರಕರಣ, ನೀವೇ ನಿಲ್ಲಿಸಿ ಬೀಗ ಹಾಕಿದ ಗಾಡಿಗೆ ಹಾಗೇ ಅನ್ವಯಿಸಲ್ಲ. ಆದರೂ ಬೋರ್ಡಿನಲ್ಲಿ ಬರೆದಿದ್ದೆಲ್ಲ ಕಾನೂನಲ್ಲ ಅನ್ನೋದು ಗೊತ್ತಾಯ್ತಲ್ಲ?

7/8
ಪ್ರತಿ ಸಲ ಗಾಡಿಯವರೇ ಗೆಲ್ಲಲ್ಲ ಮತ್ತೆ. ಇಂಗ್ಲೆಂಡಿನ ಚೆಲ್ಮ್ಸ್‌ಫರ್ಡ್‌ನಲ್ಲಿ ಬ್ಯಾರಿ ಬೀವಿಸ್ ಅನ್ನೋರು 2 ಗಂಟೆ ಉಚಿತ ಪಾರ್ಕಿಂಗಿನಲ್ಲಿ 56 ನಿಮಿಷ ಜಾಸ್ತಿ ನಿಂತರು. 85 ಪೌಂಡ್ ನೋಟಿಸ್ ಬಂತು. 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕಂಪನಿ ಪರ ತೀರ್ಪು ಕೊಟ್ಟಿತು: ಬೋರ್ಡುಗಳು ದೊಡ್ಡದಾಗಿ ಕಾಣ್ತಿದ್ವು, ಜಾಗ ಖಾಲಿ ಆಗ್ತಾ ಇರೋಕೆ ಆ ಮೊತ್ತಕ್ಕೆ ಕಾರಣವೂ ಇತ್ತು ಅಂತ. ಆದ್ರೆ ಅಲ್ಲಿ 2012ರಿಂದ ಖಾಸಗಿ ಪಾರ್ಕಿಂಗ್ ಚೀಟಿಗೆ ಮೇಲ್ಮನವಿ ಕೇಳೋಕೇ ಒಂದು ಪ್ರತ್ಯೇಕ ವ್ಯವಸ್ಥೆ ಇದೆ. ನಮ್ಮಲ್ಲಿ ಆ ಬಾಗಿಲಿಗೆ ಗ್ರಾಹಕ ಆಯೋಗ ಅಂತ ಹೆಸರು.

8/8
ಹಾಗಾದ್ರೆ ಏನು ಮಾಡೋದು?
ಗೇಟಿನಲ್ಲಿ ಕೂಗಾಡಬೇಡಿ. ಅಲ್ಲಿ ನಿಂತಿರೋನು ಸಂಬಳಕ್ಕೆ ದುಡಿಯೋ ಹುಡುಗ, ನಿಯಮ ಮಾಡಿದವನಲ್ಲ. ಆಕ್ಷೇಪ ಇಟ್ಟುಕೊಂಡೇ ಕೊಡ್ತಿದ್ದೀನಿ ಅಂತ ಹೇಳಿ, ರಸೀದಿ ಕೇಳಿ ತಗೊಳ್ಳಿ. ರಸೀದಿ ಕೊಡದೆ ಇರೋದನ್ನೇ ಅನುಚಿತ ವ್ಯಾಪಾರ ಅನ್ನುತ್ತೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಬೋರ್ಡಿನ ಫೋಟೋ ತೆಗೀರಿ. ಮನೆಗೆ ಬಂದು ಕಂಪನಿಗೆ ಒಂದು ಮೇಲ್: ಒಳಗೆ ಬಂದ ಸಮಯದ ಕ್ಯಾಮೆರಾ ದಾಖಲೆ ನೋಡಿ, ನಿಜವಾದ ಶುಲ್ಕ ಇಟ್ಟುಕೊಂಡು ಉಳಿದದ್ದು ವಾಪಸ್ ಕೊಡಿ, ಇಲ್ಲಾಂದ್ರೆ ನಿಮಗಾದ ನಷ್ಟ ಏನು ಅಂತ ಬರೆದು ತಿಳಿಸಿ.
ಉತ್ತರ ಬರಲಿಲ್ವಾ? 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲೂ ಆಗದಿದ್ರೆ ಜಿಲ್ಲಾ ಗ್ರಾಹಕ ಆಯೋಗ, ನಮಗೆ ಶಾಂತಿನಗರದಲ್ಲಿದೆ. ಆನ್‌ಲೈನಿನಲ್ಲೂ ದೂರು ಹಾಕಬಹುದು. 5 ಲಕ್ಷದವರೆಗಿನ ವಿಷಯಕ್ಕೆ ಶುಲ್ಕ ಇಲ್ಲ, ವಕೀಲರು ಬೇಕೇಬೇಕು ಅಂತಿಲ್ಲ, ಘಟನೆಯಿಂದ 2 ವರ್ಷ ಸಮಯ ಇದೆ.
260 ರೂಪಾಯಿಗೆ ಇಷ್ಟೆಲ್ಲ ಯಾಕೆ ಅಂತೀರಾ? ಗೇಟಿನವರ ಲೆಕ್ಕಾಚಾರವೂ ಅದೇ. 260ಕ್ಕೆ ಯಾರು ತಲೆ ಕೆಡಿಸ್ಕೋತಾರೆ ಅಂತಲೇ ದಿನಾ ಎಷ್ಟೋ ಜನರ ಹತ್ರ ಆ ಮೊತ್ತ ವಸೂಲಾಗೋದು.
ನಮ್ಮ ಹುಡುಗ ನಿನ್ನೆ ರಾತ್ರಿ ಮೇಲ್ ಕಳಿಸಿದ. ಕನ್ನಡದಲ್ಲೇ. ಉತ್ತರ ಬಂದ್ರೆ ಇಲ್ಲೇ ಹಾಕ್ತೀನಿ. ನಿಮಗೂ ಹೀಗಾಗಿದ್ರೆ ಕಾಮೆಂಟಿನಲ್ಲಿ ಬರೀರಿ, ಮಾಲಿನ ಹೆಸರು ಬೇಡ, ಮೊತ್ತ ಸಾಕು.

#ದಂಡುಪ್ರದೇಶ #ಬೆಂಗಳೂರುಇತಿಹಾಸ #ಗ್ರಾಹಕರಹಕ್ಕು