ಕ್ರೂಸೇಡುಗಳೂ ವಿಜಯನಗರದ ನೆಲವೂ

ಯುರೋಪಿನ ಮಧ್ಯಯುಗದ ಕ್ರೂಸೇಡುಗಳನ್ನು ಕನ್ನಡದಲ್ಲಿ 'ಧರ್ಮಯುದ್ಧ'ಗಳೆಂದು ಕರೆಯುವುದು ರೂಢಿ. ಈ ಶಬ್ದವು ವಿದ್ಯಾರ್ಥಿಯನ್ನು ದಾರಿತಪ್ಪಿಸಬಲ್ಲುದು. ನಮ್ಮ ಪರಂಪರೆಯಲ್ಲಿ ಧರ್ಮಯುದ್ಧವೆಂದರೆ ನಿಯಮವನ್ನು ಮೀರದೆ ಹೋರಾಡುವ ಯುದ್ಧ. ಆದರೆ 1095ರಲ್ಲಿ ಪೋಪ್ ಎರಡನೆಯ ಅರ್ಬನನು ಕ್ಲೆರ್ಮಾಂಟಿನಲ್ಲಿ ಸಾರಿದುದು ಮತಕ್ಕಾಗಿ ಹೂಡುವ ಯುದ್ಧವನ್ನು. 1099ರಲ್ಲಿ ಜೆರೂಸಲೆಮ್ ವಶವಾದಾಗ ಅಲ್ಲಿನ ಮುಸಲ್ಮಾನರೂ ಯೆಹೂದ್ಯರೂ ಕೊಲೆಗೀಡಾದರು. 1204ರಲ್ಲಿ ಶಿಲುಬೆ ಧರಿಸಿದ ಸೈನ್ಯವೇ ಕ್ರೈಸ್ತರ ಕಾನ್‌ಸ್ಟಾಂಟಿನೋಪಲನ್ನು ಸೂರೆಗೊಂಡಿತು.

ಈ ಇತಿಹಾಸವು ನಮಗೆ ತೀರ ದೂರದ್ದಲ್ಲ. ಕ್ರೂಸೇಡುಗಳಲ್ಲಿ ಹುಟ್ಟಿದ ಟೆಂಪ್ಲರ್ ಪಂಥವು 1312ರಲ್ಲಿ ರದ್ದಾದ ಮೇಲೆ ಪೋರ್ಚುಗಲ್ಲಿನಲ್ಲಿ ಅದರ ಆಸ್ತಿಯು 1319ರಲ್ಲಿ ಸ್ಥಾಪಿತವಾದ ಕ್ರಿಸ್ತಪಂಥಕ್ಕೆ ಸೇರಿತು. ಆ ಪಂಥದ ಶಿಲುಬೆಯನ್ನು ಹಾಯಿಯ ಮೇಲೆ ಹೊತ್ತೇ ಪೋರ್ಚುಗೀಸರ ಹಡಗುಗಳು ಭಾರತಕ್ಕೆ ಬಂದವು.

1510ರಲ್ಲಿ ಆಲ್ಬುಕರ್ಕನು ಲೂಯಿಸ್ ಎಂಬ ಫ್ರಾನ್ಸಿಸ್ಕನ್ ಸನ್ಯಾಸಿಯನ್ನು ವಿಜಯನಗರಕ್ಕೆ ದೂತನಾಗಿ ಕಳುಹಿಸಿದನು. ಹಿಂದೂ ಅರಸರನ್ನು ಗೌರವಿಸಬೇಕು, ಮುಸಲ್ಮಾನರೊಡನೆ ಎಡೆಬಿಡದೆ ಹೋರಾಡಬೇಕು ಎಂಬುದು ತನ್ನ ದೊರೆಯ ಆಜ್ಞೆಯೆಂದು ತಿಳಿಸಿ, ಕಲ್ಲಿಕೋಟೆಯ ಮೇಲೆ ಕೂಡಿ ದಂಡೆತ್ತಲು ಆಹ್ವಾನಿಸಿದನು. ಆ ಜಂಟಿ ದಂಡಯಾತ್ರೆ ನಡೆಯಲೇ ಇಲ್ಲ. ಕೃಷ್ಣದೇವರಾಯನಿಗೆ ಬೇಕಾಗಿದ್ದುದು ಕುದುರೆಗಳು. 1514ರಲ್ಲಿ ಒಂದು ಸಾವಿರ ಕುದುರೆಗಳನ್ನು ತನಗೊಬ್ಬನಿಗೇ ಮಾರಬೇಕೆಂದು ಅವನು ಹಣ ನೀಡಲು ಮುಂದಾದಾಗ, ಬಿಜಾಪುರದ ವ್ಯಾಪಾರವನ್ನು ಬಿಡಲೊಲ್ಲದ ಆಲ್ಬುಕರ್ಕನು ಒಪ್ಪಲಿಲ್ಲ. ಮತದ ಘೋಷಣೆಯೂ ವ್ಯಾಪಾರದ ಲೆಕ್ಕವೂ ಇಲ್ಲಿ ಬೇರೆಬೇರೆ ದಾರಿ ಹಿಡಿದುದನ್ನು ನಾವು ಕಾಣುತ್ತೇವೆ.

ಮುಂದಿನ ಸಂಗತಿಗಳೂ ಇದನ್ನೇ ದೃಢಪಡಿಸುತ್ತವೆ. 1520ರ ರಾಯಚೂರು ಯುದ್ಧದಲ್ಲಿ ಫಿಗೆರೆಡೋ ಎಂಬವನ ಕೋವಿಕಾರರು ರಾಯನಿಗೆ ನೆರವಾದರು. ಬಿಜಾಪುರದ ಕಡೆಯಲ್ಲಿಯೂ ಪೋರ್ಚುಗೀಸರಿದ್ದರೆಂದು ನೂನಿಜ್ ಬರೆದಿದ್ದಾನೆ. ಹೊಸಪೇಟೆಯ ಬಳಿ, ಸಂಡೂರು ಬೆಟ್ಟಗಳ ಕಣಿವೆಯ ಬಾಯಿಗೆ ರಾಯನು ಏರಿ ಕಟ್ಟಿಸಿದಾಗ ಪೋರ್ಚುಗೀಸ್ ಶಿಲ್ಪಿಯೊಬ್ಬನು ಸಹಾಯ ಮಾಡಿದನೆಂಬುದೂ ಅವನದೇ ಹೇಳಿಕೆ. ಹಂಪಿಯಲ್ಲಿಯೇ 1439ರಲ್ಲಿ, ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನನು ಮಸೀದಿಯನ್ನು ಕಟ್ಟಿಸಿದ್ದನು; ಅದರ ಶಾಸನವು ಅದನ್ನು ಧರ್ಮಸಾಲೆಯೆನ್ನುತ್ತದೆ.

ಇವೆಲ್ಲಕ್ಕಿಂತ ಹಿಂದಿನದು ಕಂಪಿಲಿಯ ನಿದರ್ಶನ. ದಿಲ್ಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದ ಅವನ ಬಂಧು ಬಹಾವುದ್ದೀನ್ ಗುರ್ಶಾಸ್ಪನಿಗೆ ಕಂಪಿಲರಾಯನು ಆಶ್ರಯವಿತ್ತನು. ಅವನನ್ನು ಒಪ್ಪಿಸಲೊಲ್ಲದೆ 1327ರಲ್ಲಿ ಹೋರಾಡಿ ಮಡಿದನು. ಶರಣಾಗತನು ಅನ್ಯಮತೀಯನಾಗಿದ್ದರೂ ಅವನನ್ನು ಕಾಯ್ದ ಈ ಯುದ್ಧಕ್ಕೆ 'ಧರ್ಮಯುದ್ಧ'ವೆಂಬ ಮಾತು ನಮ್ಮ ಅರ್ಥದಲ್ಲಿ ಸಲ್ಲುತ್ತದೆ.

ಮತವು ಬರಿಯ ನೆಪವೆಂದು ನಾವು ಹೇಳುತ್ತಿಲ್ಲ. ಕ್ರೂಸೇಡಿಗೆ ಹೊರಟವರಲ್ಲಿ ಅನೇಕರು ಪಾಪವಿಮೋಚನೆಯನ್ನು ನಿಜವಾಗಿ ನಂಬಿ, ಆಸ್ತಿಯನ್ನು ಅಡವಿಟ್ಟು ನಡೆದರು. ಆದರೆ ನಂಬಿಕೆಯೊಂದೇ ಎಲ್ಲವನ್ನೂ ವಿವರಿಸಲಾರದು. 1565ರ ಸೋಲಿನ ನಂತರ ಹಾಳಾದ ಹಂಪಿಯನ್ನು ನೋಡುವ ವಿದ್ಯಾರ್ಥಿಯು ಈ ಎಚ್ಚರವನ್ನು ಉಳಿಸಿಕೊಂಡರೆ, ಜೆರೂಸಲೆಮಿನ ಇತಿಹಾಸವನ್ನೂ ತನ್ನ ಊರಿನ ಇತಿಹಾಸವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಲ್ಲನು.